ಜಮಾದಾರ ಭರಮಣ್ಣನಿಗೆ ಹೆಣ್ಣು ಕೊಡಬಹುದೇ?

ಶೆಟ್ಟೆಪ್ಪನವರನ್ನು ನಾನು ಮೊದಲು ಕಂಡದ್ದು ಕೆಳಗಿನಿಂದ ಮೇಲಕ್ಕೆ. ಮುಂಬಯಿಯ ವಡಾಲದ ಬಿಲ್ಡಿಂಗೊಂದರಲ್ಲಿ ಖೋಲಿ ಖಾಲಿಯಿದೆಯೆಂದು ಕೇಳಿ ನೋಡಲು ಬಂದಿದ್ದೆ. ತಲೆಯೆತ್ತಿದರೆ ಮೇಲ್ಛಾವಣಿಯ ಗಚ್ಚಿಯ ಅಂಚಿನಲ್ಲಿ ಒಬ್ಬ ಗೃಹಸ್ಥರು ಒಂದು ಕೈಯಲ್ಲಿ ಬಿದಿರಿನ ಗಳ, ಇನ್ನೊಂದು ಕೈಯಲ್ಲಿ ತಾಮ್ರದ ತಂತಿ ಹಿಡಿದು, ಧೋತರದ ಚುಂಗನ್ನು ಗಾಳಿಗೆ ಬಿಟ್ಟು ಧ್ವಜಸ್ತಂಭದಂತೆ ನಿಂತಿದ್ದರು. ಮೂರನೆಯ ಮಾಳಿಗೆಯ ಗ್ಯಾಲರಿಯಿಂದ ಹೆಣ್ಣು ಕಂಠವೊಂದು ಅವರನ್ನು ನಡೆಸುತ್ತಿತ್ತು.

"ಎಡಕ್ಕ ಸರೀರಿ! ಅದು ಎಡಾ ಏನ್ರಿ? ಉಣ್ಣೂ ಕೈ ಯಾವುದೈತಿ, ಅದರ ಆಚೀಕಡೆ!"

"ಇನ್ನೂ ಎಡಕ್ಕ ಸರದರ ನಾ ಕೆಳಗ ಬೀಳ್ತೇನಿ!"

"ಹಾಂ, ಹಂಗೇ ನಿಂದರ್ರಿ! ಈಗ ಸ್ವಚ್ಛ ಕೇಳಾಕತ್ತೈತಿ. ಇನ್ನ ಅರ್ಧಾ ತಾಸು ಅಲುಗಬ್ಯಾಡ್ರಿ."

ಅವರು ಅಲುಗಲಿಲ್ಲ. ಒಂದು ಕಾಗೆ ಬಂದು ಗಳದ ತುದಿಯಲ್ಲಿ ಕುಳಿತು, ದಣಿವಾರಿಸಿಕೊಂಡು ಹೋಯಿತು. ನಾನು ಖೋಲಿಯೊಳಗೆ ನಲ್ಲಿಯಿದೆಯೋ ಇಲ್ಲವೋ ಎಂದು ಕೂಡ ನೋಡದೆ ಒಪ್ಪಿಕೊಂಡುಬಿಟ್ಟೆ. ಇಂಥ ನೆರೆಯನ್ನು ಬಿಟ್ಟು ಬೇರೆ ಕಡೆ ಮನೆ ಹುಡುಕುವಷ್ಟು ಅರಸಿಕತನ, ಜೀವಮಾನವೆಲ್ಲ ಮಕ್ಕಳಿಗೆ ವಿಭಕ್ತಿ ಪ್ರತ್ಯಯ ಕಲಿಸಿದ ಮೇಲೂ, ನನಗೆ ಬಂದಿರಲಿಲ್ಲ.

ಶೆಟ್ಟೆಪ್ಪನವರು ಬಿಜಾಪುರದ ಕಡೆಯವರು. ಫೋರ್ಟಿನ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತರು. ಗ್ಯಾಲರಿಯ ಕಂಠ ಚನ್ನವ್ವನವರದು. ಅವರು ಶೆಟ್ಟೆಪ್ಪನವರ ಧರ್ಮಪತ್ನಿ ಮತ್ತು ಖಾಸಾ ಮೇಲಧಿಕಾರಿ. ಮಗಳು ಚಂದ್ರವ್ವ, ಎಲ್ಲರ ಬಾಯಲ್ಲಿ ಚಂದ್ರಾ, ಮ್ಯಾಟ್ರಿಕ್ ಮುಗಿಸಿ ಮದುವೆಗೆ ಬಂದಿದ್ದಳು. ಇಡೀ ಬಿಲ್ಡಿಂಗಿಗೆ ರೇಡಿಯೋ ಇದ್ದದ್ದು ಅವರದೊಂದೇ ಮನೆಯಲ್ಲಿ; ಗಚ್ಚಿಯ ಮೇಲಿನ ಆ ಗಳ, ತಂತಿ ಅದರ ಏರಿಯಲ್ಲು. ಅದರಿಂದ ಅವರಿಗೆ ಊರಗೌಡರ ಗೌರವವೂ, ಧರ್ಮಶಾಲೆಯ ಗದ್ದಲವೂ ಏಕಕಾಲಕ್ಕೆ ಪ್ರಾಪ್ತವಾಗಿದ್ದವು.

ಸೋಮವಾರ ಸಂಜೆ ಏಳಕ್ಕೆ ಆ ಪೆಟ್ಟಿಗೆಯಲ್ಲಿ 'ಫೌಜದಾರ ರುದ್ರಗೌಡ' ಎಂಬ ಪತ್ತೇದಾರಿ ನಾಟಕದ ಒಂದು ಕಂತು ಬರುತ್ತಿತ್ತು. ಕಳವಾದ ಮನೆಗೆ ರುದ್ರಗೌಡನು ಬೂಟು ಕುಟ್ಟುತ್ತ ಬರುವುದು; ಪಂಚನಾಮೆ ಬರೆಸುವುದು; ಸುಟ್ಟ ಬೆಂಕಿಕಡ್ಡಿಯೊಂದನ್ನು ಮೂಸಿ, "ಭರಮಣ್ಣಾ, ಈ ಕಡ್ಡಿ ಗೀರಿದವನು ಎಡಗೈಯವನು, ಅವನಿಗೆ ಇಬ್ಬರು ಹೆಂಡಿರು!" ಎಂದು ಗುಡುಗುವುದು, ಜಮಾದಾರ ಭರಮಣ್ಣನು ಸರಿಯಾಗಿ ಅದೇ ಹೊತ್ತಿಗೆ ಸೀನಿ, ಪುರಾವೆಯನ್ನೆಲ್ಲ ಕಿಟಕಿಯಾಚೆ ಹಾರಿಸಿಬಿಡುವುದು. ಇದು ಅದರ ಧಾಟಿ.

ಆರಂಭದಲ್ಲಿ ರುದ್ರಗೌಡನು ನಮ್ಮ ಗ್ಯಾಲರಿಯಲ್ಲಿ ಕುಲದೇವರಿಗಿಂತ ಒಂದು ಮೆಟ್ಟಿಲು ಮಾತ್ರ ಕೆಳಗಿದ್ದನು. ಪಕ್ಕದ ಖೋಲಿಯ ಶೀಲಾವತಿಯಮ್ಮ, ಉಡುಪಿಯವರು, ಕಣ್ಣರಳಿಸಿ ಹೇಳುತ್ತಿದ್ದರು: "ಗಂಡಸು ಅಂದ್ರೆ ಹಾಗಿರ್ಬೇಕು ಚನ್ನವ್ವಕ್ಕ. ನಮ್ಮವರು ಒಬ್ರು ಇದ್ದಾರೆ, ಮೂಗಿನ ಮೇಲಿರುವ ಕನ್ನಡಕವನ್ನೇ ಮನೆಯೆಲ್ಲ ಹುಡುಕುತ್ತಾರೆ!" ತುದಿಯ ಖೋಲಿಯ ಮುದುಕಿ ಕಾಶವ್ವನವರ ಸಿಟ್ಟೆಲ್ಲ ಜಮಾದಾರನ ಮೇಲೆ: "ಆ ಭರಮ್ಯಾಗ ಯಾರ ಕೊಟ್ಟಾರವ್ವಾ ನೌಕರಿ? ಸೀನಾಕ ಸರಕಾರ ಪಗಾರ ಕೊಡ್ತೈತೇನ?"

ಅನಂತರ ಒಂದು ಸೋಮವಾರ ಕಳ್ಳನು ಹಾರಿಸಿದ ಗುಂಡಿಗೆ ಭರಮಣ್ಣನು ತನ್ನ ತೋಳೊಡ್ಡಿ ಒಂದು ಕೂಸನ್ನು ಉಳಿಸಿದನು. ರುದ್ರಗೌಡನು "ಭೇಷ್!" ಎಂದನೇ ಹೊರತು ಒಂದು ಗುಟುಕು ನೀರು ಕೊಡಲಿಲ್ಲ. ಆಯಿತು, ಅಂದಿಗೆ ಫೌಜದಾರನ ರಾಜ್ಯಭಾರ ಮುಗಿಯಿತು. "ಬರೀ ಬೊಬ್ಬೆ ಮಾರಾಯ್ತಿ ಅವಂದು, ಕೆಲಸ ಎಲ್ಲ ಭರಮಣ್ಣನದ್ದು" ಎಂದರು ಶೀಲಾವತಿಯಮ್ಮ. "ತಾಯಿ ಹಡದ ಮಗಾ ಅಂವಾ" ಎಂದು ಕಾಶವ್ವನವರು ಮೂಗು ಸೀಟಿಕೊಂಡರು. (ರುದ್ರಗೌಡನನ್ನು ಯಾರು ಹಡೆದಿದ್ದರೆಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.) ಚನ್ನವ್ವನವರಂತೂ ಆ ತೋಳು ಬೇಗ ಮಾಯಲೆಂದು ದೇವರ ಮುಂದೆ ಪ್ರತ್ಯೇಕ ದೀಪ ಹಚ್ಚಿಟ್ಟರು.

ನಾಟಕ ಕೇಳಿ ಸುಮ್ಮನಿದ್ದಿದ್ದರೆ ಚಿಂತೆಯಿರಲಿಲ್ಲ. ಹೆಂಗಸರು ತನಿಖೆಗೂ ಇಳಿದರು. ಗಚ್ಚಿಯ ಮೇಲೆ ಒಣಹಾಕಿದ ಹಪ್ಪಳ ಕಳವಾದಾಗ ಚನ್ನವ್ವನವರು ಜಾಗದ ಸುತ್ತ ರಂಗೋಲಿಯ ಗೆರೆ ಎಳೆದು, ಯಾರನ್ನೂ ಒಳಗೆ ಬಿಡದೆ ಪಂಚನಾಮೆ ನಡೆಸಿದರು; ಎಣ್ಣೆಯ ಬೆರಳಿನ ಗುರುತು ಹಿಡಿದು ಮಾಳಿಗೆ ಮಾಳಿಗೆ ಇಳಿದರು; ಕೊನೆಗೆ ಬಿಲ್ಡಿಂಗಿನ ಸೆಕ್ರೆಟರಿಯವರ ಕೋಟಿನ ಕಿಸೆಯಿಂದ ಅರ್ಧ ಹಪ್ಪಳವನ್ನು ಹೊರಗೆಳೆದರು. ಸೆಕ್ರೆಟರಿಯವರು ಆಗ ಹಪ್ಪಳಗಳ್ಳತನವನ್ನು ಖಂಡಿಸುವ ನೋಟೀಸು ಬರೆಯುತ್ತ ಕುಳಿತಿದ್ದರು.

ಇದನ್ನು ನೋಡಿ ಬಿಲ್ಡಿಂಗೆಲ್ಲ ನಕ್ಕಿತು. ನಗದೆ ಬೆವತವರು ಶೆಟ್ಟೆಪ್ಪನವರೊಬ್ಬರೇ.

ಕಾರಣವಿತ್ತು. ಚಂದ್ರಾಳಿಗೆ ಒಳ್ಳೆಯ ವರ ಸಿಗಲೆಂದು ಚನ್ನವ್ವನವರು ಸೋಮವಾರದ ಒಪ್ಪತ್ತು ಹಿಡಿದಿದ್ದರು. ಹಗಲೆಲ್ಲ ಉಪವಾಸ, ಸಂಜೆ ನಾಟಕ ಮುಗಿದ ಮೇಲೆ ಪೂಜೆ, ಆಮೇಲೆ ಊಟ. ಹರಕೆ ಗಟ್ಟಿಯಾಗಲಿ ಎಂದು ಗಂಡನನ್ನೂ ಅದರಲ್ಲಿ ಸೇರಿಸಿದ್ದರು. ಮೊದಲ ಸೋಮವಾರ ಶೆಟ್ಟೆಪ್ಪನವರು ನಿಷ್ಠೆಯಿಂದ ಹಸಿದರು. ಮಧ್ಯಾಹ್ನದ ಹೊತ್ತಿಗೆ ಕಚೇರಿಯ ಗೋಂದಿನ ಡಬ್ಬಿಯೂ ಅವರಿಗೆ ತಿನ್ನುವ ಪದಾರ್ಥದಂತೆ ಕಾಣತೊಡಗಿತು. ಎರಡನೆಯ ಸೋಮವಾರ ಅವರ ಕಾಲುಗಳು ಅವರ ಅಪ್ಪಣೆಯಿಲ್ಲದೆ ಕಾಂತಪ್ಪನವರ ಹೋಟೆಲಿಗೆ ನಡೆದವು. ಕಾಂತಪ್ಪನವರೆಂದರೆ ಶೀಲಾವತಿಯಮ್ಮನ ಯಜಮಾನರು. ಫೋರ್ಟಿನ ಗಲ್ಲಿಯೊಂದರ ಉಡುಪಿ ಹೋಟೆಲಿನ ಮ್ಯಾನೇಜರು. ಗಿರಾಕಿಯ ತಟ್ಟೆಯ ಸುದ್ದಿಯನ್ನು ಹೋಟೆಲಿನಿಂದ ಹೊರಗೆ ಒಯ್ಯಬಾರದೆಂಬುದು ಅವರ ವೃತ್ತಿಧರ್ಮ. ಅವರು ಶೆಟ್ಟೆಪ್ಪನವರನ್ನು ಮಾತಿಲ್ಲದೆ ಪರದೆ ಹಾಕಿದ ಫ್ಯಾಮಿಲಿ ರೂಮಿಗೆ ಕರೆದೊಯ್ದು, ಮಾತಿಲ್ಲದೆ ಒಂದು ಮಸಾಲೆ ದೋಸೆ ಇರಿಸಿದರು. ಅಂದಿನಿಂದ ಪ್ರತಿ ಸೋಮವಾರ ಅದೇ ಪರದೆ, ಅದೇ ಮೌನ, ಅದೇ ದೋಸೆ.

ಇನ್ನು ವರಾನ್ವೇಷಣೆ. ಬೈಕುಲ್ಲಾದಲ್ಲಿ ಬೆಲ್ಲದ ಸಗಟು ವ್ಯಾಪಾರ ಮಾಡುವ ಬೆಳಗಾವಿಯ ಸಿದ್ದರಾಮಪ್ಪನವರು ತಮ್ಮ ಮಗ ಬಸವಂತಪ್ಪನನ್ನು ಕರೆದುಕೊಂಡು ಒಂದು ರವಿವಾರ ಹೆಣ್ಣು ನೋಡಲು ಬಂದರು. ಹುಡುಗನಿಗೆ ಫೋರ್ಟಿನ ಬ್ಯಾಂಕೊಂದರಲ್ಲಿ ಕೆಲಸ. ನೋಡಲು ಸಾದಾ, ಮಾತು ಅದಕ್ಕಿಂತ ಸಾದಾ, ಬಂದಾಗಿನಿಂದ ಬಾಯಿಯನ್ನೇ ತೆರೆದಿರಲಿಲ್ಲ. ಒಳಗೆ ಚನ್ನವ್ವನವರು ಗಡಿಬಿಡಿಯಲ್ಲಿ ಅವಲಕ್ಕಿಯ ಒಗ್ಗರಣೆಗೆ ಒಣಮೆಣಸಿನಕಾಯನ್ನು ಧಾರಾಳವಾಗಿ ಸುರಿದರು. ಘಾಟು ಹೊರಗೆ ಬಂತು. ಹುಡುಗನು ಮೂಗು ಹಿಡಿದ, ಉಸಿರು ಬಿಗಿಹಿಡಿದ, ಕೆಂಪಾದ, ನೀಲಿಯಾದ, ಕೊನೆಗೆ...

"ಆ... ಆ... ಆಹಾಕ್ಷೀ!"

ಹೆಣ್ಣು ನೋಡುವಾಗ ಸೀನು! ಸಿದ್ದರಾಮಪ್ಪನವರ ಮುಖ ಬೆಲ್ಲದ ಬಣ್ಣಕ್ಕೆ ತಿರುಗಿತು. ಶೆಟ್ಟೆಪ್ಪನವರು ಮನಸ್ಸಿನಲ್ಲೇ ಈ ಸಂಬಂಧಕ್ಕೆ ಎಳ್ಳುನೀರು ಬಿಟ್ಟರು. ಅಷ್ಟರಲ್ಲಿ ಗ್ಯಾಲರಿಯ ಕಿಟಕಿಗೆ ಕಿವಿಹಚ್ಚಿ ನಿಂತಿದ್ದ ಶೀಲಾವತಿಯಮ್ಮ ಬಾಗಿಲನ್ನು ದೂಡಿಕೊಂಡು ಒಳಗೇ ಬಂದುಬಿಟ್ಟರು.

"ಅಯ್ಯೋ ದೇವರೇ! ಇದು ಭರಮಣ್ಣನ ಸೀನು! ಚನ್ನವ್ವಕ್ಕ, ಬೇಗ ಬನ್ನಿ, ಭರಮಣ್ಣ ಬಂದಿದ್ದಾನೆ ನಿಮ್ಮನೆಗೆ!"

ಹುಡುಗನು ತಲೆತಗ್ಗಿಸಿದನು. ಸಿದ್ದರಾಮಪ್ಪನವರು ಮೆಲ್ಲನೆ, "ಹೌದ್ರಿ... ಸಂಜೀ ಹೊತ್ತು ರೇಡಿಯೋದಾಗ ಜಮಾದಾರನ ಪಾರ್ಟು ಮಾಡ್ತಾನು. ನಾಟಕದಾಂವಾ ಅಂದ್ರ ಹೆಣ್ಣು ಕೊಡ್ತಾರೋ ಇಲ್ಲೋ ಅಂತ ಹೇಳಿದ್ದಿಲ್ಲ" ಎಂದರು.

ಕೊಡದೆ ಇರುವುದುಂಟೆ? ಹೆಂಗಸರೆಲ್ಲ ನುಗ್ಗಿದರು. "ಇನ್ನೊಮ್ಮೆ ಸೀನಪಾ, ನಮ್ಮಪ್ಪಾ" ಎಂದು ಕೆಲವರ ಬೇಡಿಕೆ. ಕಾಶವ್ವನವರು ಅವನ ತೋಳನ್ನು ಹಿಡಿದು ಅತ್ಯಂತ ಗಂಭೀರವಾಗಿ ಕೇಳಿದರು: "ಗುಂಡ ತಾಗಿದ್ದು ಈಗ ಹೆಂಗೈತೋ, ಯಪ್ಪಾ?"

ಹುಡುಗನು ಒಂದು ಕ್ಷಣ ಆ ಮುದುಕಿಯ ಮುಖ ನೋಡಿ, "ಈಗ ಆರಾಮೈತ್ರಿ, ಆಯೀ. ನಿಮ್ಮ ಆಶೀರ್ವಾದ" ಎಂದನು.

ಬಾಗಿಲ ಹಿಂದೆ ಚಂದ್ರಾ ಕಿಸಕ್ಕನೆ ನಕ್ಕಳು. ಅಂದು ಸಂಜೆ ಅಪ್ಪನ ಬಳಿ ಬಂದು ಅವಳೇ ಹೇಳಿದಳು: "ಅಪ್ಪಾ, ಆ ಆಯಿಗೆ ನಾಲ್ಕ ಮಂದ್ಯಾಗ ಅವಮಾನ ಆಗಬಾರದಂತ ಹಂಗಂದ್ರು ಅವರು. ನನಗ ಒಪ್ಪಿಗಿ ಐತಿ." ಮಗಳು ಬಾಯಿಬಿಟ್ಟು ಒಪ್ಪಿದ್ದು ಇದೇ ಮೊದಲು. ಶೆಟ್ಟೆಪ್ಪನವರಿಗೆ ಕಣ್ಣು ತುಂಬಿ ಬಂತು. ಎರಡೂ ಮನೆಯವರು ಕೂಡಿ ನಿಶ್ಚಯಕ್ಕೆ ದಿನವನ್ನೂ ಗೊತ್ತು ಮಾಡಿದರು.

ಆದರೆ ನಿಶ್ಚಯ ಸಮೀಪಿಸುತ್ತಿದ್ದಂತೆ, ಒಂದು ಸೋಮವಾರ ಸಂಜೆ ರೇಡಿಯೋದೊಳಗೆ ಭೂಕಂಪವಾಯಿತು. ಕಳ್ಳಭಟ್ಟಿಯ ಪೀಪಾಯಿ ತುಂಬಿದ ಒಂದು ಲಾರಿಯನ್ನು ಭರಮಣ್ಣನು ತಪಾಸಣೆಯ ನಾಕಾದಲ್ಲಿ ತಡೆದನು. ಒಬ್ಬನು ಬಂದು ಅವನ ಕೈಗೆ ನೋಟಿನ ಒಂದು ಕಟ್ಟು ಕೊಟ್ಟನು. ಭರಮಣ್ಣನು ಸೀನಲಿಲ್ಲ. "ಹೋಗಲಿ ಬಿಡ್ರಿ ಗಾಡಿ" ಎಂದುಬಿಟ್ಟನು! ಮದ್ಯಪಾನ ನಿಷೇಧವಿರುವ ನಮ್ಮ ಮುಂಬಯಿಯಲ್ಲಿ!

ಮೊದಲು ಬಾಯಿಬಿಟ್ಟವರು ಕಾಶವ್ವನವರು: "ಧ್ವನಿ ನಡುಗಲಿಲ್ಲ, ನೋಡ್ರೆವ್ವಾ. ಅಷ್ಟ ಸಲೀಸ ಇಸಗೊಂಡ ಅಂದ್ರ, ರೂಢಿ ಐತಿ!"

"ಅವನ ಕಣ್ಣು ಕಂಡಾಗಲೇ ನನಗೆ ಸಂಶಯ ಇತ್ತು" ಎಂದರು ಶೀಲಾವತಿಯಮ್ಮ. (ಹೆಣ್ಣು ನೋಡಿದ ದಿನ ಆ ಹುಡುಗನಿಗೆ ತಟ್ಟೆ ತುಂಬ ಚಕ್ಕುಲಿ ತಂದುಕೊಟ್ಟವರು ಇವರೇ.)

ಎಲ್ಲರೂ ಹೋದ ಮೇಲೆ ಚನ್ನವ್ವನವರು ಬಾಗಿಲಿಕ್ಕಿ ತೀರ್ಪು ಹೇಳಿದರು. "ಲಂಚ ತಿನ್ನೂ ಮನಿಶಾಗ ನಾ ಮಗಳನ್ನ ಕೊಡಂಗಿಲ್ಲ. ಸಿದ್ದರಾಮಪ್ಪನವರಿಗೆ ಹೇಳಿ ಕಳಸ್ರಿ."

"ಏ, ಅದು ನಾಟಕ! ಬರದಾಂವಾ ಬ್ಯಾರೆ, ಮಾತಾಡಾಂವಾ ಬ್ಯಾರೆ!"

"ಹಂಗಾರ ಸಂಬಂಧ ಗೊತ್ತಾದಾಗ 'ಗುಂಡ ತಿಂದ ಅಳಿಯಾ, ಹುಲಿ' ಅಂತ ಕಚೇರಿಗೆಲ್ಲಾ ಪೇಢೆ ಹಂಚಿದವ್ರು ಯಾರ್ರಿ? ಗುಂಡ ತಿಂದದ್ದು ಅಳಿಯಾ, ಲಂಚ ತಿಂದದ್ದು ಬರದಾಂವಾ? ಹೆಂಗ್ರಿ ನಿಮ್ಮ ನ್ಯಾಯ?"

ಶೆಟ್ಟೆಪ್ಪನವರು ವಿಮಾ ಕಚೇರಿಯಲ್ಲಿ ಎಷ್ಟೋ ವಕೀಲರನ್ನು ಕಂಡಿದ್ದರು. ಈ ಪ್ರಶ್ನೆಗೆ ಉತ್ತರಿಸಬಲ್ಲ ವಕೀಲನು ಅವರಲ್ಲಿ ಒಬ್ಬನೂ ಇರಲಿಲ್ಲ. ಬಹಳ ಅಂಗಲಾಚಿದ ಮೇಲೆ ಚನ್ನವ್ವನವರು ಒಂದು ವಾಯಿದೆ ಕೊಟ್ಟರು: "ಬರೂ ಸೋಮವಾರದ ತನಕಾ ನೋಡ್ತೇನಿ. ಅಷ್ಟರಾಗ ಅಂವಾ ನಿರ್ದೋಷಿ ಅಂತ ತೀರ್ಮಾನ ಆದ್ರ ರವಿವಾರ ನಿಶ್ಚಯ. ಇಲ್ಲಂದ್ರ ಇಲ್ಲ."

ಅಡುಗೆಮನೆಯ ಹೊಸ್ತಿಲಲ್ಲಿ ಚಂದ್ರಾ ಪಾತ್ರೆಗಳನ್ನು ಒರೆಸುತ್ತಿದ್ದಳು. ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದಳು.

ಮರುದಿನ ಶೆಟ್ಟೆಪ್ಪನವರು ಬ್ಯಾಂಕಿಗೆ ಹೋಗಿ ಹುಡುಗನನ್ನು ಕಂಡರು. ಅವನ ಸ್ಥಿತಿ ಇನ್ನೂ ಕೆಟ್ಟಿತ್ತು. "ನಾ ಏನ ಮಾಡ್ಲಿರಿ, ಮಾಮಾ? ಕೊಟ್ಟದ್ದನ್ನ ಓದ್ತೇನಿ. ಇಲ್ಲಿ ನಮ್ಮ ಕನ್ನಡದ ಗಿರಾಕಿಗಳು ನನ್ನ ಕಿಂಡೀಗೆ ಬರೂದು ಬಿಟ್ಟು ಬಾಜೂ ಕಿಂಡೀಗೆ ಸಾಲು ನಿಂತಾರು. ಬರಿಯೋ ರಮಾನಾಥರಿಗೆ ಕೇಳಿದ್ರ, 'ಪಾತ್ರ ಬೆಳೀಲಿಕ್ಕುಂಟು' ಅಂತಾರು."

ರಮಾನಾಥ! ಶೆಟ್ಟೆಪ್ಪನವರ ತಲೆಯಲ್ಲಿ ದೀಪ ಹೊತ್ತಿತು. ಮುದ್ರಣಾಲಯದಲ್ಲಿ ಪ್ರೂಫು ತಿದ್ದುವ ಈ ಮಂಗಳೂರಿನವರು ಕಾಂತಪ್ಪನವರ ಹೋಟೆಲಿನ ಅದೇ ಫ್ಯಾಮಿಲಿ ರೂಮಿನಲ್ಲಿ, ಒಂದು ಕಾಫಿಯನ್ನು ಮುಂದಿಟ್ಟುಕೊಂಡು ಇಡೀ ಮಧ್ಯಾಹ್ನ ಏನೋ ಬರೆಯುತ್ತ ಕೂಡುತ್ತಿದ್ದರು. ಎಷ್ಟೋ ಸೋಮವಾರಗಳು ಇಬ್ಬರೂ ಒಂದೇ ಮೇಜಿನಲ್ಲಿ ಕುಳಿತದ್ದುಂಟು. ಬರೆಯುತ್ತಿದ್ದದ್ದು ರುದ್ರಗೌಡನನ್ನೆಂದು ಯಾರಿಗೆ ಗೊತ್ತಿತ್ತು? ನೇರವಾಗಿ ಅಲ್ಲಿಗೆ ಹೋಗಿ ಕೈಜೋಡಿಸಿದರು.

"ಸ್ವಾಮೀ, ಭರಮಣ್ಣನ್ನ ಉಳಸ್ರಿ. ನನ್ನ ಮಗಳ ಬಾಳು ನಿಮ್ಮ ಪೆನ್ನಿನ್ಯಾಗ ಐತಿ."

ರಮಾನಾಥರು ವಿಷಯವನ್ನೆಲ್ಲ ಕೇಳಿ ತಲೆ ತುರಿಸಿಕೊಂಡರು. "ಉಳಿಸುವಾ, ಅದಕ್ಕೇನಂತೆ. ಆದ್ರೆ ಶೆಟ್ಟೆಪ್ಪನವರೇ, ಅವ ಒಳ್ಳೆಯವ ಆಗ್ಬೇಕಾದ್ರೆ ಕೆಟ್ಟವ ಇನ್ನೊಬ್ಬ ಬೇಕಲ್ಲ? ಕಳ್ಳಭಟ್ಟಿಯ ಯಜಮಾನ ಯಾರು? ಅದೇ ನನಗೆ ಹೊಳೀತಾ ಇಲ್ಲ ಮಾರಾಯ್ರೇ. ಮೀಸೆ ತಿರುವುವ ರೌಡಿ ಆದ್ರೆ ಜನ ಮೊದಲೇ ಹಿಡೀತಾರೆ. ನೋಡಿದ್ರೆ ಸಾಧು, ಒಳಗೆ ಕಳ್ಳ. ಅಂಥವ ಬೇಕು. ಅವ ಹೇಗೆ ನಡೀತಾನೆ, ಹೇಗೆ ಮೋಸ ಮಾಡ್ತಾನೆ, ನನಗೇನು ಗೊತ್ತು?"

ಮಗಳ ಹಿತ ಒಂದು ಕಡೆ. ತನಗೆ ತಿಳಿದ ವಿಷಯವನ್ನು ಒಬ್ಬರು ಕೇಳಿದರೆಂಬ ಹಿಗ್ಗು ಇನ್ನೊಂದು ಕಡೆ. ಶೆಟ್ಟೆಪ್ಪನವರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ಅದೇನ ದೊಡ್ಡ ವಿಷಯ ಅಲ್ರಿ, ನಾ ಹೇಳ್ತೇನಿ ಕೇಳ್ರಿ. ನಂದೇ ತಗೋರಿ. ಸೋಮವಾರ ನಂದು ಒಪ್ಪತ್ತು, ಊರಿಗೆಲ್ಲಾ ಗೊತ್ತು. ದೋಸೆ ತಿಂದ ಮ್ಯಾಲ ಎರಡ ಲವಂಗ ಕಡೀಬೇಕು, ವಾಸನಿ ಹೋಗ್ತೈತಿ. ನೀರಿನ ಗ್ಲಾಸಿನ್ಯಾಗ ಮುಖಾ ನೋಡಿ ಮೀಸಿ ಒರಸಬೇಕು. ಚಟ್ನಿ ಒಗ್ಗರಣಿ ಸಾಸವಿ ಐತಲ್ಲ, ಅದು ಭಾಳ ಅಪಾಯದ್ದು, ಮೀಸ್ಯಾಗ ಅಡಗಿ ಕೂಡ್ತೈತಿ. ಸ್ಟೇಷನ್ನಿಗೆ ಇಳದ ಮ್ಯಾಲ ಆರಾಮ ನಡೀರಿ. ಆದ್ರ ನಮ್ಮ ಗ್ಯಾಲರಿ ಕಾಣೂ ಮೂಲಿ ಬಂತಂದ್ರ ಕಾಲು ಎಳೀಬೇಕು. ಎಳದು ಎಳದು, ಕಂಬಕ್ಕ ಒಮ್ಮೆ ಕೈ ಕೊಟ್ಟು ನಿಲ್ಲಬೇಕು. ಮನ್ಯಾಗ ಕಾಲಿಟ್ಟ ಕೂಡ್ಲೆ 'ಶಿವಾ' ಅನಬೇಕು. ಜೋರ ಅನಬಾರದು, ಮೆಲ್ಲಕ!"

ರಮಾನಾಥರ ಕಾಫಿ ತಣ್ಣಗಾಗಿತ್ತು. ಪೆನ್ನು ಮಾತ್ರ ಓಡುತ್ತಿತ್ತು. "ಹೆಂಡತಿಗೆ ಗೊತ್ತಾಗ್ಲೇ ಇಲ್ವಾ?"

"ಆಕಿಗೆ?" ಶೆಟ್ಟೆಪ್ಪನವರು ವಿಜಯಿಯಂತೆ ನಕ್ಕರು. "ನಾ ಸೊರಗಾಕತ್ತೇನಂತ ಸೋಮವಾರ ಸಂಜೀಕ ಒಂದು ಹೋಳಿಗಿ ಹೆಚ್ಚಿಗಿ ಬಡಸ್ತಾಳ್ರಿ!"

"ಸಾಕು, ಸಾಕು" ಎಂದರು ರಮಾನಾಥರು. "ಬರೀ ಪಾತ್ರವಲ್ಲ, ಇಡೀ ಮನುಷ್ಯನೇ ಸಿಕ್ಕಿದ. ಸೋಮವಾರ ಕೇಳಿ, ಖುಷಿ ಪಡ್ತೀರಿ."

ಪತ್ತೇದಾರಿ ನಾಟಕವನ್ನು ಇಷ್ಟು ದಿನ ಕೇಳಿಯೂ ಶೆಟ್ಟೆಪ್ಪನವರಿಗೆ ಆ ಮಾತಿನಲ್ಲಿ ಯಾವ ಸುಳಿವೂ ಕಾಣಲಿಲ್ಲ. ಸೋಮವಾರ ಬಂತು. ಆನಂದದ ಭರದಲ್ಲಿ ಅಂದು ಪರದೆಯ ಹಿಂದೆ ಅವರು ಒಂದಲ್ಲ, ಎರಡು ದೋಸೆ ತಿಂದರು. ಗ್ಲಾಸಿನಲ್ಲಿ ಮುಖ ನೋಡಿಕೊಳ್ಳುವುದನ್ನೂ ಮರೆತರು. ಲವಂಗವನ್ನು ಮರೆಯಲಿಲ್ಲ, ಕಾಲೆಳೆಯುವುದನ್ನೂ ಮರೆಯಲಿಲ್ಲ. ಮನೆಯೊಳಗೆ ಬಂದು ಮೆಲ್ಲನೆ "ಶಿವಾ" ಎಂದರು.

ಖೋಲಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಂದು ಕಾಂತಪ್ಪನವರೂ ಸಂಜೆಗೆ ರಜೆ ಹಾಕಿ ಬಂದಿದ್ದರು. ಏಳು ಬಡಿಯಿತು. ರುದ್ರಗೌಡನು ಭರಮಣ್ಣನನ್ನು ಎದುರಿಗೆ ನಿಲ್ಲಿಸಿಕೊಂಡು ಗುಡುಗಿದನು. ಭರಮಣ್ಣನು ಶಾಂತವಾಗಿ ಠಾಣೆಯ ಕಪಾಟು ತೆಗೆದು, ಮೊಹರು ಮಾಡಿಟ್ಟ ಕಟ್ಟನ್ನು ಮೇಜಿನ ಮೇಲಿಟ್ಟನು. ಅವನು ಅದನ್ನು ಬಿಚ್ಚಿಯೇ ಇರಲಿಲ್ಲ! ಲಾರಿಯನ್ನು ಬಿಟ್ಟದ್ದು ಅದರ ಬೆನ್ನು ಹತ್ತಿ ಯಜಮಾನನನ್ನು ಹಿಡಿಯಲೆಂದು!

"ನೋಡಿದ್ರ್ಯಾ!" ಎಂದು ಶೆಟ್ಟೆಪ್ಪನವರು ಜಿಗಿದರು. ಚನ್ನವ್ವನವರ ಮುಖ ಅರಳಿತು. ಕಾಶವ್ವನವರು "ನಾ ಮೊದಲ ಹೇಳಿದ್ದೆ" ಎಂದರು. ಬಾಗಿಲಲ್ಲಿ ಚಂದ್ರಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆಗ ರೇಡಿಯೋದಲ್ಲಿ ಭರಮಣ್ಣನು ಮುಂದುವರಿಸಿದನು: "ಸಾಹೇಬ್ರ, ಈ ಕಳ್ಳಭಟ್ಟಿ ಧಂದೇದ ಯಜಮಾನ ಬ್ಯಾರೆ ಯಾರೂ ಅಲ್ಲ. ಗುಮಾಸ್ತ ಗುರುಪಾದಪ್ಪ! ಸೋಮವಾರ ಒಪ್ಪತ್ತು ಮಾಡೂ ಮಹಾಭಕ್ತ!"

ಶೆಟ್ಟೆಪ್ಪನವರು ಜಿಗಿದಲ್ಲಿಂದ ಕೆಳಗೆ ಕುಳಿತರು.

"ಇವನ ಭಕ್ತಿ ಮ್ಯಾಲ ನನಗ ಹೆಂಗ ಸಂಶಯ ಬಂತು ಅಂತ ಕೇಳ್ರಿ, ಸಾಹೇಬ್ರ. ಇಂವಾ ಸ್ಟೇಷನ್ನಿನ ಪಾವಟಿಗಿ ಎರಡೆರಡ ಹಾರಿ ಇಳೀತಾನು. ಮನಿ ಕಾಣೂ ಮೂಲಿ ಬಂತಂದ್ರ ಕಾಲು ಎಳೀತಾನು!"

"ಯಾಕೋ ಸ್ವಚ್ಛ ಕೇಳವಲ್ತು" ಎನ್ನುತ್ತ ಶೆಟ್ಟೆಪ್ಪನವರು ರೇಡಿಯೋದ ಕಿವಿ ಹಿಂಡಲು ಕೈಚಾಚಿದರು.

"ಕೈ ತಗೀರಿ!" ಎಂದರು ಚನ್ನವ್ವನವರು. ದನಿ ಬದಲಾಗಿತ್ತು.

"ಕಂಬಕ್ಕ ಒಮ್ಮೆ ಕೈ ಕೊಟ್ಟು ನಿಲ್ತಾನು, ಸಾಹೇಬ್ರ. ಉಪವಾಸ ಇದ್ದಾವನ ಬಾಯಾಗ ಲವಂಗದ ವಾಸನಿ ಯಾಕ? ಮನ್ಯಾಗ ಕಾಲಿಟ್ಟ ಕೂಡ್ಲೆ 'ಶಿವಾ' ಅಂತಾನು. ಜೋರ ಅನ್ನೂದಿಲ್ಲ, ಮೆಲ್ಲಕ!"

ಒಂದೊಂದೇ ತಲೆ ತಿರುಗತೊಡಗಿತು. ಕಾಂತಪ್ಪನವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಳ್ಳದೆ ಕುಳಿತರು.

"ಕಡೀ ಪುರಾವೆ, ಸಾಹೇಬ್ರ! ಪರದೆ ಹಿಂದ ಕುಂತು ಮಸಾಲಿ ದೋಸೆ ತಿಂದಾಂವಾ ಎಷ್ಟ ಒರಸಿದ್ರೂ, ಚಟ್ನಿ ಒಗ್ಗರಣಿ ಸಾಸವಿ ಅವನ ಮೀಸ್ಯಾಗ... ಆ... ಆ... ಆಹಾಕ್ಷೀ!"

ಕಂತು ಮುಗಿಯಿತು. ಯಾರೂ ಏಳಲಿಲ್ಲ. ಚನ್ನವ್ವನವರು ಎದ್ದು, ಗೋಡೆಯ ದೀಪದ ಕೆಳಗೆ ಒಂದು ಮಣೆ ಹಾಕಿದರು.

"ಇಲ್ಲೆ ಬರ್ರಿ. ಬೆಳಕಿಗೆ ಕೂಡ್ರಿ."

ಶೆಟ್ಟೆಪ್ಪನವರು ಕುಳಿತರು. ಚನ್ನವ್ವನವರು ಸೆಕ್ರೆಟರಿಯ ಕಿಸೆಯನ್ನು ತಪಾಸು ಮಾಡಿದ ಅದೇ ನಿಷ್ಠುರ ಬೆರಳುಗಳಿಂದ ಗಂಡನ ಮೀಸೆಯ ಎಡಭಾಗವನ್ನು ಹುಡುಕಿದರು, ಬಲಭಾಗವನ್ನು ಹುಡುಕಿದರು. ಆಮೇಲೆ ಕರಿಯ ಚುಕ್ಕೆಯಂಥದೊಂದನ್ನು ಅಂಗೈಯಲ್ಲಿಟ್ಟುಕೊಂಡು ಗ್ಯಾಲರಿಯವರಿಗೆಲ್ಲ ತೋರಿಸಿದರು.

"ಸಾಸಿವೆ!" ಎಂದು ಶೀಲಾವತಿಯಮ್ಮ ಉಸುರಿದರು, ಉಸುರಿದವರೇ ಗಂಡನ ಕಡೆ ತಿರುಗಿ, "ಪರದೆ ಯಾರ ಹೋಟೆಲಿಂದು ಇವ್ರೇ?" ಎಂದು ಕೇಳಿದರು.

ಕಾಶವ್ವನವರಿಗೆ ಮಾತ್ರ ಕರುಣೆ ಬಂತು. "ಮುಂಜಾನಿ ಮನೀ ಒಗ್ಗರಣ್ಯಾಗ ಸಿಡದಿದ್ದೀತು ಬಿಡ, ಚನ್ನವ್ವಾ. ರೇಡಿಯೋದಾಗ ಹೇಳಿದ್ದೆಲ್ಲಾ ಖರೇ ಇರ್ತೈತೇನು? ನಾಟಕ ಅದು."

ಪಾರಾಗಲು ದಾರಿ ತೆರೆದಿತ್ತು. ಶೆಟ್ಟೆಪ್ಪನವರು ಬಾಯಿ ತೆರೆದರು. ಅಷ್ಟರಲ್ಲಿ ಬಾಗಿಲಲ್ಲಿ ನಿಂತ ಮಗಳು ಕಣ್ಣಿಗೆ ಬಿದ್ದಳು. ರೇಡಿಯೋದಲ್ಲಿ ಹೇಳಿದ್ದು ಸುಳ್ಳೆಂದರೆ ಭರಮಣ್ಣನು ನಿರ್ದೋಷಿಯೆಂಬುದೂ ಅದರ ಜೊತೆಗೇ ಸುಳ್ಳಾಗುತ್ತಿತ್ತು. ಚನ್ನವ್ವನವರ ನ್ಯಾಯಶಾಸ್ತ್ರವನ್ನು ಅವರು ಚೆನ್ನಾಗಿ ಬಲ್ಲರು.

"ಖರೇ ಐತಿ" ಎಂದರು ಶೆಟ್ಟೆಪ್ಪನವರು, ಕಟಕಟೆಯಲ್ಲಿ ನಿಂತವರ ಗಾಂಭೀರ್ಯದಿಂದ. "ದೋಸೇನ. ಇವತ್ತ ಎರಡು."

ಸಿಡಿಲೇ ಬೀಳುವುದೆಂದು ಎಲ್ಲರೂ ಕಾದರು. ಚನ್ನವ್ವನವರು ಅಂಗೈಯ ಸಾಸಿವೆಯನ್ನೂ ರೇಡಿಯೋವನ್ನೂ ಒಮ್ಮೆ ನೋಡಿ, ಹಣೆಗೆ ಕೈ ಹಚ್ಚಿಕೊಂಡರು, ಭಕ್ತಿಯಿಂದ.

"ಯಪ್ಪಾ, ಎಂಥಾ ಅಳಿಯಾ ಸಿಕ್ಕಾನ್ರೇ ನಮಗ! ಎಲ್ಲೋ ಕುಂತು ನಮ್ಮ ಮನೀ ಕಳ್ಳನ್ನ ಹಿಡದಾನು! ಚಂದ್ರಾ, ಎಲ್ಲಾರಿಗೂ ಸಕ್ಕರಿ ಹಂಚು. ರವಿವಾರ ನಿಶ್ಚಯ. ನಿಮ್ಮಪ್ಪಗ ಮಾತ್ರ ಕೊಡಬ್ಯಾಡ."

ನಿಶ್ಚಯವಾಯಿತು, ಮದುವೆಯೂ ಸಾಂಗವಾಗಿ ಆಯಿತು. ಚಂದ್ರಾ ಈಗ ಬೈಕುಲ್ಲಾದಲ್ಲಿ ಸುಖವಾಗಿದ್ದಾಳೆ. ಶೆಟ್ಟೆಪ್ಪನವರ ಹಿಂದಿನ ಸೋಮವಾರಗಳೆಲ್ಲ ರದ್ದಾಗಿ, ಹರಕೆ ಮೊದಲಿನಿಂದ ಆರಂಭವಾಗಿದೆ. ಸೋಮವಾರ ಮಧ್ಯಾಹ್ನ ಅತ್ತೆಯ ಅಪ್ಪಣೆಯಂತೆ ಬಸವಂತಪ್ಪನು ಬ್ಯಾಂಕಿನಿಂದ ಬಂದು, ಮಾವನನ್ನು ಮೈದಾನದ ಬೆಂಚಿನ ಮೇಲೆ ಕೂಡಿಸಿಕೊಂಡು ಕಾಯುತ್ತಾನೆ. ಮಾವನಿಗೆ ನೋವಾಗಬಾರದೆಂದು ಅವನೂ ಏನನ್ನೂ ತಿನ್ನುವುದಿಲ್ಲ. ಅಳಿಯನ ಈ ಸಜ್ಜನಿಕೆಯಿಂದಾಗಿ ಶೆಟ್ಟೆಪ್ಪನವರಿಗೆ ತಪ್ಪಿಸಿಕೊಳ್ಳುವ ಮನಸ್ಸೂ ಬರುವುದಿಲ್ಲ.

ನಾಟಕ ಇನ್ನೂ ನಡೆದಿದೆ. ಗುರುಪಾದಪ್ಪನನ್ನು ನೇಣಿಗೇರಿಸಬೇಕೆಂದು ಮೊದಲು ಕೂಗಿದ ಗ್ಯಾಲರಿ, ಅವನು ಜೈಲಿನ ಒಣರೊಟ್ಟಿಯ ಮುಂದೆ ನಿಟ್ಟುಸಿರು ಬಿಟ್ಟ ದಿನದಿಂದ ಪೂರ್ತಿ ಅವನ ಪಕ್ಷ. "ಒಂದು ದೋಸೆ ತಿಂದದ್ದಕ್ಕೆ ಇಷ್ಟು ಶಿಕ್ಷೆಯಾ?" ಎನ್ನುತ್ತಾರೆ ಶೀಲಾವತಿಯಮ್ಮ, ಕಳ್ಳಭಟ್ಟಿಯ ಪೀಪಾಯಿಗಳನ್ನು ಎಲ್ಲರೂ ಮರೆತಿದ್ದಾರೆ. ಭರಮಣ್ಣನಿಗೆ ಈಗ ಕಟುಕನೆಂಬ ಹೆಸರು. ಅಳಿಯನ ಸಂಗತಿ ತೆಗೆದರೆ ಚನ್ನವ್ವನವರು, "ರೇಡಿಯೋದಾಂವಾ ಬ್ಯಾರೆ, ನಮ್ಮ ಅಳಿಯಾ ಬ್ಯಾರೆ. ಅಷ್ಟೂ ತಿಳಿಯೂದಿಲ್ಲೇನ್ರಿ?" ಎಂದು ಗಂಡನನ್ನೇ ಗದರುತ್ತಾರೆ.

ಮೊನ್ನೆ ಸೋಮವಾರ ನಾನೂ ಕೇಳಲು ಹೋಗಿದ್ದೆ. ಶೆಟ್ಟೆಪ್ಪನವರು ಮುಂಜಾನೆಯಿಂದ ಅನ್ನ ಕಾಣದೆ ಗೋಡೆಗೆ ಒರಗಿ ಕುಳಿತಿದ್ದರು. ರೇಡಿಯೋದಲ್ಲಿ ಗುರುಪಾದಪ್ಪನು ಕ್ಷೀಣಸ್ವರದಲ್ಲಿ, "ಹಸಿವು..." ಎಂದನು. ಚನ್ನವ್ವನವರು ಸೆರಗು ಬಾಯಿಗೊತ್ತಿಕೊಂಡು ಬಿಕ್ಕಿದರು.

"ನನಗೂ ಹಸಿವಾಗೈತಿ" ಎಂದರು ಶೆಟ್ಟೆಪ್ಪನವರು, ಮೆಲ್ಲನೆ.

"ಸುಮ್ನ ಕೂಡ್ರಿ!" ಎಂದರು ಚನ್ನವ್ವನವರು, ಕಣ್ಣೀರು ಒರೆಸಿಕೊಳ್ಳುತ್ತ. "ಪಾಪ, ಅಲ್ಲೊಂದು ಜೀವ ಊಟಾ ಇಲ್ಲದ ಒದ್ದಾಡಾಕತ್ತೈತಿ, ನಿಮಗ ನಿಮ್ಮ ಹೊಟ್ಟೀದೇ ಚಿಂತಿ!"